‘ಸರ್’ ಎಂಬ ಬಿರುದು

‘ಸರ್ ಎಂ. ವಿಶ್ವೇಶ್ವರಯ್ಯ’ ಎಂದು ಪಾಠವನ್ನೋದುವ ಮಕ್ಕಳು, ಆ ‘ಸರ್’ ಎಂದರೇನೆಂದು ಮನೆಯ ಹಿರಿಯರನ್ನು ಕೇಳುವುದುಂಟು. ಅದು ಉಪಾಧ್ಯಾಯರನ್ನು ಕರೆಯುವ ಮಾತಲ್ಲ. ಬ್ರಿಟಿಷ್ ದೊರೆಗಳು ದಯಪಾಲಿಸುತ್ತಿದ್ದ ‘ನೈಟ್’ ಪದವಿಯ ಗುರುತು. ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಅದು 1915ರಲ್ಲಿ ಲಭಿಸಿತು. ಹೊನ್ನಾವರದಲ್ಲಿ ಹುಟ್ಟಿ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾದ ನಾರಾಯಣ ಚಂದಾವರ್ಕರರೂ ಆ ಬಿರುದನ್ನು ಪಡೆದವರೇ.

ಮಂತ್ರಿಗೆ ದೊರೆಯು ಮನ್ನಣೆಯೀಯುವುದು ಸಹಜ. ನ್ಯಾಯಾಧೀಶನ ವಿಷಯವಾದರೋ ಸೂಕ್ಷ್ಮವಾದದ್ದು. ಸರ್ಕಾರವೇ ವಾದಿಯಾಗಿಯೋ ಪ್ರತಿವಾದಿಯಾಗಿಯೋ ಅವನೆದುರು ನಿಲ್ಲಬೇಕಾಗುತ್ತದಷ್ಟೆ. ಇಂಗ್ಲೆಂಡಿನಲ್ಲಿ ಹೈಕೋರ್ಟಿನ ನ್ಯಾಯಪೀಠವನ್ನೇರುವ ಪುರುಷರಿಗೆಲ್ಲ ನೈಟ್ ಪದವಿಯನ್ನು ಕೊಡುವುದು ವಾಡಿಕೆ. ಎಲ್ಲರಿಗೂ ಸಲ್ಲುವುದರಿಂದ ಅದು ಯಾರೊಬ್ಬರ ಮೇಲಿನ ವಿಶೇಷ ಕೃಪೆಯೆನಿಸದು. ಬ್ರಿಟಿಷರ ಕಾಲದ ಭಾರತದಲ್ಲಿ ಅದು ಆಯ್ದ ಕೆಲವರಿಗೆ ಮಾತ್ರ ಸಲ್ಲುತ್ತಿತ್ತು. ಹಾಗೆ ಆಯ್ದು ಕೊಟ್ಟ ಮನ್ನಣೆಯು ಪಡೆದವನ ನಾಲಗೆಯನ್ನು ಕಟ್ಟಲಾರದೇ?

ಮದ್ರಾಸಿನ ಎಸ್. ಸುಬ್ರಹ್ಮಣ್ಯ ಅಯ್ಯರವರ ಚರಿತ್ರೆಯು ಇದಕ್ಕೆ ಉತ್ತರವೀಯುತ್ತದೆ. ಅವರು 1895ರಿಂದ 1907ರವರೆಗೆ ಅಲ್ಲಿನ ಹೈಕೋರ್ಟಿನ ನ್ಯಾಯಾಧೀಶರಾಗಿದ್ದರು. ಮುಖ್ಯ ನ್ಯಾಯಾಧೀಶರ ಸ್ಥಾನದಲ್ಲಿಯೂ ತಾತ್ಕಾಲಿಕವಾಗಿ ಕುಳಿತರು. 1900ರಲ್ಲಿ ‘ಸರ್’ ಎನಿಸಿದರು. 1917ರ ಜೂನಿನಲ್ಲಿ ಸರ್ಕಾರವು ಆನಿ ಬೆಸೆಂಟರನ್ನು ನಿರ್ಬಂಧದಲ್ಲಿರಿಸಿದಾಗ, ವೃದ್ಧರಾಗಿದ್ದ ಅಯ್ಯರವರು ಅಮೆರಿಕದ ಅಧ್ಯಕ್ಷ ವಿಲ್ಸನರಿಗೆ ಕಾಗದ ಬರೆದು, ಭಾರತದ ಸ್ವರಾಜ್ಯಕ್ಕೆ ನೆರವನ್ನು ಬೇಡಿದರು. ಮರುವರ್ಷ ಭಾರತಮಂತ್ರಿ ಮಾಂಟೆಗೂ ಅವರು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಆ ಕಾಗದವನ್ನು ಲಜ್ಜಾಸ್ಪದವೆಂದು ಹಳಿದು, ಅಂತಹ ಸ್ಥಾನವುಳ್ಳವರು ಬರೆದುದು ಇನ್ನೂ ಅಕ್ಷಮ್ಯವೆಂದರು. ಅಯ್ಯರವರು ಕ್ಷಮೆ ಬೇಡಲಿಲ್ಲ. ನೈಟ್ ಪದವಿಯನ್ನೂ ‘ದಿವಾನ್ ಬಹದ್ದೂರ್’ ಬಿರುದನ್ನೂ ತ್ಯಜಿಸಿಬಿಟ್ಟರು. ಜಲಿಯನ್‌ವಾಲಾಬಾಗಿನ ಹತ್ಯೆಯ ಬಳಿಕ ಕವಿ ರವೀಂದ್ರರು ತಮ್ಮ ಪದವಿಯನ್ನು ತ್ಯಜಿಸಿದ್ದು 1919ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಈ ತ್ಯಾಗವು ನಡೆದಿತ್ತು.

ಬಿರುದು ಕೊಟ್ಟವರು ಅದನ್ನು ಹಂಗೆಂದು ಎಣಿಸಿದ್ದರೆಂಬುದು ಮಾಂಟೆಗೂ ಅವರ ಮಾತಿನಿಂದಲೇ ವ್ಯಕ್ತವಾಗುತ್ತದೆ. ನಮ್ಮ ಸಂವಿಧಾನದ 18ನೆಯ ವಿಧಿಯು ಸೈನಿಕ ಮತ್ತು ವಿದ್ಯಾಸಂಬಂಧವಾದವುಗಳ ಹೊರತು ಬಿರುದುಗಳನ್ನು ಕೊಡಕೂಡದೆಂದು ರಾಜ್ಯಾಧಿಕಾರವನ್ನೇ ಕಟ್ಟುಮಾಡಿರುವುದರ ಔಚಿತ್ಯವು ಇದರಿಂದ ತಿಳಿಯುವುದು. ಭಾರತರತ್ನ, ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲವೆಂದೂ, ಅವನ್ನು ಹೆಸರಿಗೆ ಜೋಡಿಸಿಕೊಳ್ಳಬಾರದೆಂದೂ ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪಿತ್ತಿತು.

ಮಕ್ಕಳು ಇನ್ನೊಮ್ಮೆ ‘ಸರ್’ ಎಂದರೇನೆಂದು ಕೇಳಿದಾಗ, ಅದನ್ನು ಪಡೆದವರ ಜೊತೆಗೆ, ಬಿಟ್ಟುಕೊಟ್ಟವರ ಹೆಸರನ್ನೂ ನಾವು ಹೇಳೋಣ.