ಹೋದ ಕಾಯಿಲೆ ಮತ್ತೆ ಬಂದರೆ



ಹಳೇಬೀಡಿನ ಹತ್ತಿರ ಹುಲಿಕೆರೆ ಇದೆ. ಅಲ್ಲಿ ಹೊಯ್ಸಳರ ಕಾಲದ ಚೆಂದದ ಕೊಳ ಇದೆ. ಇಂಥ ಊರುಗಳಲ್ಲಿ ಹೊಲದ ಕೆಲಸ ಮುಗಿದ ಮೇಲೆ ನಾವು ಏನು ಮಾಡ್ತೀವಿ? ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕ್ತೀವಿ. ಜೊತೆಗೆ ಹೊಗೆಸೊಪ್ಪು, ಕಡ್ಡಿಪುಡಿ. ದಣಿವು ಹೋಗುತ್ತೆ ಅಂತೀವಿ. ಬಾಯಿ ಕ್ಯಾನ್ಸರಿಗೆ ಇದೇ ದೊಡ್ಡ ಕಾರಣ.

ಒಬ್ಬ ತಾಯಿಯ ಕಥೆ ನೋಡೋಣ. ಇದು ಎಲ್ಲ ಊರಲ್ಲೂ ನಡೆಯಬಹುದಾದ ಕಥೆ.

ಆಕೆಯ ಕೆನ್ನೆಯ ಒಳಗೆ ಹುಣ್ಣಾಯಿತು. ಅದು ಕ್ಯಾನ್ಸರ್. ಆಪರೇಷನ್ ಆಯಿತು. ಆಮೇಲೆ ಆರು ವಾರ ಕರೆಂಟ್ ಕೊಟ್ಟರು. ಪುಸ್ತಕದಲ್ಲಿ ಇದನ್ನು ವಿಕಿರಣ ಚಿಕಿತ್ಸೆ ಅಂತಾರೆ. ಹುಣ್ಣು ವಾಸಿಯಾಯಿತು. ಒಂದು ವರ್ಷದ ಮೇಲೆ ಕತ್ತಿನಲ್ಲಿ ಗಂಟು ಕಾಣಿಸಿತು. ನೋವಿರಲಿಲ್ಲ. "ಕೂಲಿ ತಪ್ಪುತ್ತೆ, ಸುಗ್ಗಿ ಮುಗೀಲಿ" ಅಂದಳು. ಮೂರು ತಿಂಗಳು ಕಳೆಯಿತು. ಗಂಟು ದೊಡ್ಡದಾಯಿತು.

ಕಾಯಿಲೆ ಮತ್ತೆ ಯಾಕೆ ಬರುತ್ತೆ?

ಹೊಲದಲ್ಲಿ ಗರಿಕೆ ಕೀಳ್ತೀವಿ. ಒಂದು ಬೇರು ಉಳಿದರೂ ಅದು ಮತ್ತೆ ಚಿಗುರುತ್ತೆ. ಈ ಕಾಯಿಲೆಯೂ ಹಾಗೆಯೇ. ಇದು ಶಾಪವಲ್ಲ. ಅಂಟುರೋಗವೂ ಅಲ್ಲ. ಮತ್ತೆ ಬರುವುದು ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ. ಅದಕ್ಕೇ ಡಾಕ್ಟರು ಹೇಳಿದ ದಿನ ತಪ್ಪದೆ ತೋರಿಸಬೇಕು. ಹೊಗೆಸೊಪ್ಪು, ಅಡಿಕೆ, ಬೀಡಿ ಪೂರ್ತಿ ಬಿಡಬೇಕು.

ಈ ಗುರುತುಗಳು ಕಂಡರೆ ಕಾಯಬೇಡಿ:
ಕತ್ತಿನಲ್ಲಿ ಹೊಸ ಗಂಟು.
ಮೂರು ವಾರ ಕಳೆದರೂ ಮಾಯದ ಹುಣ್ಣು.
ನುಂಗುವಾಗ ನೋವು.
ದನಿ ಒಡೆಯುವುದು, ಬಾಯಲ್ಲಿ ರಕ್ತ.

ಮುಂದೆ ಏನು ಮಾಡ್ತಾರೆ?

ಮೊದಲು ಚಿಕ್ಕ ಚೂರು ತೆಗೆದು ಪರೀಕ್ಷೆ ಮಾಡ್ತಾರೆ. ಸ್ಕ್ಯಾನ್ ಮಾಡ್ತಾರೆ. ಗಂಟು ಚಿಕ್ಕದಿದ್ದರೆ ಆಪರೇಷನ್ ಮಾಡಿ ತೆಗೀತಾರೆ. ಗುಣವಾಗಲು ಇದೇ ಒಳ್ಳೆಯ ದಾರಿ. ಆದರೆ ಕರೆಂಟ್ ಕೊಟ್ಟ ಜಾಗದಲ್ಲಿ ಗಾಯ ನಿಧಾನವಾಗಿ ಮಾಯುತ್ತೆ. ಅದೇ ಜಾಗಕ್ಕೆ ಎರಡನೇ ಸಲ ಕರೆಂಟ್ ಕೆಲವರಿಗೆ ಮಾತ್ರ ಕೊಡ್ತಾರೆ. ಅದರಿಂದ ಮೂಳೆಗೆ, ರಕ್ತನಾಳಕ್ಕೆ ಹಾನಿಯಾಗಬಹುದು.

ಬದುಕುವ ಭರವಸೆ ಎಷ್ಟು?

ಮುಚ್ಚಿಡದೆ ಹೇಳ್ತೀವಿ. ಬೇರೆ ಬೇರೆ ಕಡೆಯ ಲೆಕ್ಕ ಸೇರಿಸಿ 2000ದಲ್ಲಿ ಒಂದು ವರದಿ ಬಂತು. ಮತ್ತೆ ಬಂದ ಗಂಟನ್ನು ಆಪರೇಷನ್‌ನಲ್ಲಿ ತೆಗೆಸಿದ 100 ಜನರಲ್ಲಿ ಸುಮಾರು 40 ಜನ 5 ವರ್ಷ ಬದುಕಿದ್ದರು. ಬೇಗ ಬಂದವರಿಗೆ ಹೆಚ್ಚು ಅನುಕೂಲ. ತಡವಾಗಿ ಬಂದವರಿಗೆ ಕಡಿಮೆ.

ಗಂಟು ತೆಗೆಯಲು ಆಗದಿದ್ದರೆ ಹಲವರ ಆಯಸ್ಸು ತಿಂಗಳ ಲೆಕ್ಕಕ್ಕೆ ಬರುತ್ತೆ. ಆಗಲೂ ಔಷಧಿ ಇದೆ. ಮುಂಬೈಯ ಟಾಟಾ ಆಸ್ಪತ್ರೆಯ ಡಾಕ್ಟರುಗಳು ಕಡಿಮೆ ಖರ್ಚಿನ ಮಾತ್ರೆಗಳನ್ನು ಕೊಟ್ಟು ನೋಡಿದರು. ಸೂಜಿಮದ್ದಿಗಿಂತ ಈ ಮಾತ್ರೆಯಿಂದ ಆಯಸ್ಸು ಸ್ವಲ್ಪ ಹೆಚ್ಚಿತು, ತೊಂದರೆ ಕಡಿಮೆ ಆಯಿತು. ಇದು 2020ರಲ್ಲಿ ಪ್ರಕಟವಾಯಿತು.

ನೋವು ತಡೆಯಲು ಮಾರ್ಫಿನ್ ಮಾತ್ರೆ ಇದೆ. ಡಾಕ್ಟರು ಹೇಳಿದಂತೆ ತಗೊಂಡರೆ ಭಯವಿಲ್ಲ. ನುಂಗಲು ಆಗದಿದ್ದರೆ ನಳಿಗೆಯಲ್ಲಿ ಗಂಜಿ ಕೊಡಬಹುದು.

ಎಲ್ಲಿಗೆ ಹೋಗಬೇಕು?

ಮೊದಲು ಹಾಸನದ ಸರ್ಕಾರಿ ಆಸ್ಪತ್ರೆಗೆ ತೋರಿಸಿ. ಬೆಂಗಳೂರಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ. ಅದು 1973ರಲ್ಲಿ ಶುರುವಾಯಿತು. ಅರಸೀಕೆರೆಯಿಂದ ಬೆಂಗಳೂರಿಗೆ ರೈಲು ಇದೆ. ಹಳೇ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿ. ರೇಷನ್ ಕಾರ್ಡು, ಆಧಾರ್ ಮರೆಯಬೇಡಿ. ಆಯುಷ್ಮಾನ್ ಯೋಜನೆಯಲ್ಲಿ ಖರ್ಚಿಗೆ ನೆರವು ಸಿಗುತ್ತೆ. ಕೊನೆಯ ದಿನಗಳ ಆರೈಕೆಗೆ ಬೆಂಗಳೂರಿನ ಕರುಣಾಶ್ರಯ ಇದೆ. ಅಲ್ಲಿ ಹಣ ಕೇಳುವುದಿಲ್ಲ.

ಆ ತಾಯಿ ಏನಾದಳು? ಗಂಟು ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿತ್ತು. ಆಪರೇಷನ್ ಆಗಲಿಲ್ಲ. ಮಾತ್ರೆಯಿಂದ ನೋವು ಕಡಿಮೆಯಾಯಿತು. ಮಗಳ ಜೊತೆ ಒಂದು ಯುಗಾದಿ ಮಾಡಿದಳು. "ಗಂಟು ಕಂಡ ವಾರವೇ ಹೋಗಬೇಕಿತ್ತು" ಅಂತ ಎಲ್ಲರಿಗೂ ಹೇಳಿ ಹೋದಳು.

ಡಾಕ್ಟರನ್ನು ನಾವು ಎರಡು ಮಾತು ಕೇಳೋಣ: "ಇದು ಗುಣವಾಗುವ ಚಿಕಿತ್ಸೆಯೇ? ನೋವು ಕಡಿಮೆ ಮಾಡುವ ಚಿಕಿತ್ಸೆಯೇ?" ಕೇಳುವುದು ತಪ್ಪಲ್ಲ. ಕೇಳುವುದು ನಮ್ಮ ಹಕ್ಕು.