ಊರೊಳಗಣ ಬೀದಿ ಮತ್ತು ವೇಗದ ಲೆಕ್ಕ

2023ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರು-ಮೈಸೂರು ನಡುವಣ 118 ಕಿಲೋಮೀಟರು ಉದ್ದದ ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಅದಕ್ಕೆ ಮುಂಚೆ ರಾಮನಗರ, ಚನ್ನಪಟ್ಟಣ, ಮಂಡ್ಯಗಳ ಮುಖ್ಯ ಬೀದಿಯೇ ಹೆದ್ದಾರಿಯೂ ಆಗಿದ್ದಿತು. ಶಾಲೆ ಬಿಟ್ಟ ಮಕ್ಕಳಿಗೂ ಮೈಸೂರಿಗೆ ಧಾವಿಸುವ ಬಸ್ಸಿಗೂ ಅದೊಂದೇ ದಾರಿ. ಹೊಸ ಹೆದ್ದಾರಿ ಈ ಊರುಗಳನ್ನು ಬಳಸಿಕೊಂಡು ಹೋಗುತ್ತದೆ. ವ್ಯಾಪಾರ ಇಳಿಯಿತೆಂದು ಚನ್ನಪಟ್ಟಣದ ಬೊಂಬೆ ಅಂಗಡಿಯವರು ಕೊರಗಿದರು.

ದೂರದ ವಾಹನಗಳು ತೊಲಗಿದವು, ಇನ್ನು ಊರೊಳಗೆ ಭಯವಿಲ್ಲ ಎಂದುಕೊಳ್ಳುವುದು ಸಹಜ. ಆದರೆ ಬೈಪಾಸು ಬಂದ ಊರುಗಳಲ್ಲಿ ಹಳೆಯ ಬೀದಿ ಹೆದ್ದಾರಿಯ ಅಗಲದಲ್ಲಿಯೇ ಉಳಿದಿರುತ್ತದೆ. ಸಂದಣಿ ತಗ್ಗಿದ ಅಗಲವಾದ ದಾರಿಯು, ಉಳಿದ ವಾಹನಗಳನ್ನು ವೇಗವಾಗಿ ಓಡಿರೆಂದು ಕರೆಯುತ್ತದೆ. ಭಾರತದ ರಸ್ತೆಗಳಲ್ಲಿ 2022ರಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ಹೆಚ್ಚುಕಡಿಮೆ ಐವರಿಗೊಬ್ಬರು ಪಾದಚಾರಿಗಳು.

ವೇಗ ಸ್ವಲ್ಪ ಹೆಚ್ಚಿದರೆ ಏನಾಗುತ್ತದೆಂಬುದನ್ನು ಲೆಕ್ಕ ಹಾಕಿ ನೋಡೋಣ. ಕಾರಿನ ಮುಂದೆ 14 ಮೀಟರು ದೂರದಲ್ಲಿ ಮಗುವೊಂದು ಥಟ್ಟನೆ ಬೀದಿಗಿಳಿಯಿತೆನ್ನಿ. ಕಣ್ಣು ಕಂಡುದನ್ನು ಮನಸ್ಸು ತಿಳಿದು ಕಾಲು ಬ್ರೇಕನ್ನು ಒತ್ತಲು ಒಂದು ಸೆಕೆಂಡು ಬೇಕು. ಇದು ಎಚ್ಚರದಿಂದಿರುವ ಚಾಲಕನ ಲೆಕ್ಕ, ಫೋನಿನಲ್ಲಿ ಮಾತನಾಡುವವನದಲ್ಲ. ಒಣರಸ್ತೆಯಲ್ಲಿ ಬಲವಾಗಿ ಬ್ರೇಕು ಹಾಕಿದರೆ ವೇಗವು ಪ್ರತಿ ಸೆಕೆಂಡಿಗೆ 7 ಮೀಟರಿನಂತೆ ಇಳಿಯಬಹುದು. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಬರುವ ಕಾರು ಆ ಒಂದು ಸೆಕೆಂಡಿನಲ್ಲಿ 8.3 ಮೀಟರು ಸಾಗಿ, ಬ್ರೇಕಿನ ಹಿಡಿತದಲ್ಲಿ ಇನ್ನೂ 5 ಮೀಟರು ಜಾರಿ, ಮಗುವಿನ ಮುಂದೆ ನಿಲ್ಲುತ್ತದೆ. 50 ಕಿಲೋಮೀಟರು ವೇಗದ ಕಾರೋ, ಆ ಒಂದು ಸೆಕೆಂಡಿನಲ್ಲಿಯೇ 13.9 ಮೀಟರು ಬಂದುಬಿಟ್ಟಿರುತ್ತದೆ. ಬ್ರೇಕು ಹಿಡಿಯುವುದರೊಳಗೆ, ವೇಗ ಎಳ್ಳಷ್ಟೂ ತಗ್ಗದೆ, ಮಗುವಿಗೆ ಬಡಿಯುತ್ತದೆ.

ಬಡಿತದ ರಭಸವು ವೇಗದ ವರ್ಗಕ್ಕೆ ಅನುಗುಣವಾದುದು. 30 ಕಿಲೋಮೀಟರಿನ ವೇಗವೆಂದರೆ ಮೂರೂವರೆ ಮೀಟರು ಎತ್ತರದಿಂದ ಬಿದ್ದ ವಸ್ತುವಿನ ವೇಗ. 50 ಎಂದರೆ ಸುಮಾರು ಹತ್ತು ಮೀಟರು. ಮೊದಲನೆಯ ಮಹಡಿಯಿಂದ ಬೀಳುವುದಕ್ಕೂ ಮೂರನೆಯ ಮಹಡಿಯಿಂದ ಬೀಳುವುದಕ್ಕೂ ಇರುವ ಅಂತರವನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. 2020ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ್ದ ವಿವಿಧ ದೇಶಗಳ ಸಚಿವರ ಸಮ್ಮೇಳನವು, ಜನರೂ ವಾಹನಗಳೂ ಬೆರೆತು ಸಾಗುವ ಬೀದಿಗಳಲ್ಲಿ 30ರ ಮಿತಿಯಿರಲೆಂದು ಘೋಷಿಸಿದುದು ಇಂತಹ ಕಾರಣಗಳಿಂದಲೇ.

ಹಾಗಾದರೆ ‘30’ ಎಂದು ಬರೆದ ಫಲಕವನ್ನು ನೆಟ್ಟರೆ ಸಾಲದೆ? ಸಾಲದು. ಚಾಲಕನು ಫಲಕಕ್ಕಿಂತ ಹೆಚ್ಚಾಗಿ ಬೀದಿಯ ರೂಪವನ್ನು ನೋಡಿ ವೇಗವನ್ನು ಗೊತ್ತುಮಾಡಿಕೊಳ್ಳುತ್ತಾನೆ. ಆದುದರಿಂದ ರೂಪವನ್ನೇ ಬದಲಾಯಿಸಬೇಕು. ಸೆಕೆಂಡಿಗೆ ಒಂದು ಮೀಟರಿನಂತೆ ನಡೆಯುವ ಮುದುಕಿಯೊಬ್ಬಳಿಗೆ 14 ಮೀಟರು ಅಗಲದ ಬೀದಿಯನ್ನು ದಾಟಲು 14 ಸೆಕೆಂಡು ಬೇಕು. ಅಷ್ಟರಲ್ಲಿ 50ರ ವೇಗದ ವಾಹನವೊಂದು 190 ಮೀಟರಿಗೂ ಹೆಚ್ಚು ದೂರದಿಂದ ಬಂದು ಮುಟ್ಟುತ್ತದೆ. ಅಷ್ಟು ದೂರದಲ್ಲಿರುವುದನ್ನು ಆಕೆ ಕಂಡಾಳೆ? ಬೀದಿಯ ನಡುವೆ ನಿಲ್ಲಲು ಒಂದು ಕಟ್ಟೆಯಿದ್ದರೆ, ಒಮ್ಮೆಗೆ ದಾಟಬೇಕಾದುದು ಅರ್ಧಕ್ಕಿಳಿಯುತ್ತದೆ. ಎರಡು ಅಂಚುಗಳನ್ನೂ ಒಳಕ್ಕೆ ತಂದು ಕಾಲುದಾರಿಯನ್ನು ಅಗಲಿಸಿದರೆ ಇನ್ನೂ ಮೇಲು. ಬಸ್ಸಿನ ನಿಲುಗಡೆಯು ದಾಟುವ ಜಾಗವನ್ನು ಕಳೆದು ಮುಂದಿರಬೇಕು. ಆಗ ಇಳಿದವರು ಬಸ್ಸಿನ ಹಿಂದಿನಿಂದ ದಾಟುತ್ತಾರೆ, ಬಸ್ಸಿನ ಮುಂದೆ ಮರೆಯಿಂದ ನುಗ್ಗುವುದಿಲ್ಲ. ಊರಿನ ಸರ್ಕಲ್ಲುಗಳ ವಿಷಯವನ್ನು ಹೇಳಹೊರಟರೆ ಅದೇ ಒಂದು ಲೇಖನವಾದೀತು: ನಾಲ್ಕು ದಾರಿಗಳು ನೇರವಾಗಿ ಕೂಡುವಲ್ಲಿ ವಾಹನಗಳ ಹಾದಿಗಳು 32 ಕಡೆ ಒಂದಕ್ಕೊಂದು ತಾಗುತ್ತವೆ, ಸುತ್ತಿ ಸಾಗುವ ಒಂದೇ ಸಾಲಿನ ಸರ್ಕಲ್ಲಿನಲ್ಲಿ 8 ಕಡೆ ಮಾತ್ರ.

ನಮ್ಮ ಜನಕ್ಕೆ ಚೆನ್ನಾಗಿ ಪರಿಚಯವಿರುವ ಉಪಾಯವೆಂದರೆ ರಸ್ತೆಯ ಉಬ್ಬು, ಅಂದರೆ ‘ಹಂಪ್ಸ್’. ನಾನು ಪಾಠ ಹೇಳುವ ತಾಲ್ಲೂಕು ಕೇಂದ್ರದಲ್ಲಿ ಕಾಲೇಜಿನ ಮುಂದೆ ವಿದ್ಯಾರ್ಥಿಯೊಬ್ಬನಿಗೆ ಮೋಟಾರು ಸೈಕಲ್ಲು ಬಡಿದು ಕಾಲು ಮುರಿಯಿತು. ಜನ ಕೂಗಾಡಿದ ಮೂರನೆಯ ದಿನ ಡಾಂಬರಿನ ಒಂದು ದಿಂಡು ಬೀದಿಗೆ ಅಡ್ಡಲಾಗಿ ಬಿದ್ದಿತು. ಬಣ್ಣವಿಲ್ಲ, ದೀಪವಿಲ್ಲ. ತಿಂಗಳು ಕಳೆಯುವಷ್ಟರಲ್ಲಿ, ರಾತ್ರಿ ಗಂಡನ ಸ್ಕೂಟರಿನ ಹಿಂದೆ ಕುಳಿತು ಬರುತ್ತಿದ್ದ ಹೆಂಗಸೊಬ್ಬಳು ಅಲ್ಲಿಯೇ ಎಗರಿಬಿದ್ದು ತಲೆಗೆ ಪೆಟ್ಟುಮಾಡಿಕೊಂಡಳು.

ಮರುದಿನ ನಾಲ್ವರು ವಿದ್ಯಾರ್ಥಿಗಳೊಡನೆ ಹೋಗಿ ಆ ದಿಂಡನ್ನು ಅಳೆದೆ: ಅಗಲ 80 ಸೆಂಟಿಮೀಟರು, ಎತ್ತರ 16. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂಚನೆಯೇನು? ಅಗಲ 3.7 ಮೀಟರು, ಎತ್ತರ 10 ಸೆಂಟಿಮೀಟರು, ಬೆನ್ನಿನ ತ್ರಿಜ್ಯ 17 ಮೀಟರು. ಅರ್ಧ ಅಗಲದ ವರ್ಗವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಿ ನೋಡಿ, ಎತ್ತರ ತಾನಾಗಿ ಬರುತ್ತದೆ. ಈ ಬೆನ್ನನ್ನು 25 ಕಿಲೋಮೀಟರು ವೇಗದಲ್ಲಿ ಏರಿಳಿಯುವವನ ತೂಕ ಕ್ಷಣಕಾಲ ಮೂರರಲ್ಲೊಂದು ಪಾಲಿನಷ್ಟೂ ಕಡಿಮೆಯಾಗುವುದಿಲ್ಲ. ಹಗುರವಾಗಿ ಕುಲುಕಿದಂತಾಗುತ್ತದೆ, ಅಷ್ಟೆ. ವೇಗ 47ಕ್ಕೆ ಮುಟ್ಟಿದರೆ, ಸ್ಪ್ರಿಂಗುಗಳನ್ನು ಲೆಕ್ಕಕ್ಕೆ ಹಿಡಿಯದೆ ಹೇಳುವುದಾದರೆ, ಗುರುತ್ವವು ವಾಹನವನ್ನು ನೆಲಕ್ಕೆ ಹಿಡಿದಿಡಲಾರದು. ನಿಧಾನವಾಗಿ ಬರುವವನನ್ನು ಬಿಟ್ಟು, ಅವಸರದವನನ್ನು ಮಾತ್ರ ದಂಡಿಸುವ ಉಬ್ಬು ಇದು.

ನಮ್ಮ ಕಾಲೇಜಿನ ಮುಂದಿನ ದಿಂಡಿನ ತ್ರಿಜ್ಯವೋ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು. ಲಾರಿಯ ಚಕ್ರದ ತ್ರಿಜ್ಯವೂ ಅಷ್ಟೆ! ಗಂಟೆಗೆ 10 ಕಿಲೋಮೀಟರಿನ ಆಸುಪಾಸಿನಲ್ಲಿಯೇ, ಎಂದರೆ ಸೈಕಲ್ಲಿನ ಸಾಧಾರಣ ವೇಗಕ್ಕಿಂತ ಕಡಿಮೆಯಲ್ಲಿಯೇ, ಚಕ್ರ ಅದರ ಮೇಲಿಂದ ನೆಗೆಯಬಲ್ಲದು. ಆ ರಾತ್ರಿ ಬಿದ್ದ ಹೆಂಗಸಿನ ಗಂಡ ವೇಗವಾಗಿ ಬರುತ್ತಿರಲಿಲ್ಲವೆಂದು ಪ್ರಮಾಣಮಾಡಿ ಹೇಳಿದ್ದ. ಯಾರೂ ನಂಬಿರಲಿಲ್ಲ.

ಈ ಲೆಕ್ಕವನ್ನು ಬರೆದು ಸಂಬಂಧಪಟ್ಟ ಕಚೇರಿಗೆ ಕೊಟ್ಟೆವು. ಅಲ್ಲಿಯ ಮೇಸ್ತ್ರಿ, ಸಾಧು ಮನುಷ್ಯ, ‘ಸ್ವಾಮಿ, ಹದಿನೇಳು ಮೀಟರಿನ ಹಗ್ಗ ಹಿಡಿದು ಬೀದಿಯಲ್ಲಿ ಕಮಾನು ಎಳೆಯುವುದು ಹೇಗೆ?’ ಎಂದು ಕೇಳಿದ. ಪ್ರಶ್ನೆ ನ್ಯಾಯವಾದುದೇ. ವಿದ್ಯಾರ್ಥಿಗಳು ಕಾಲೇಜಿನ ಮೈದಾನದಲ್ಲಿ ಹಗ್ಗ ಕಟ್ಟಿ, ಅರ್ಧ ಉಬ್ಬಿನ ಕಮಾನನ್ನು 1.85 ಮೀಟರು ಉದ್ದದ ಹಲಗೆಯ ಮೇಲೆ ಗೀಚಿದರು. ಊರಿನ ಬಡಗಿ ಅದನ್ನು ಕೊಯ್ದು ಅಚ್ಚು ಮಾಡಿಕೊಟ್ಟ. ಡಾಂಬರು ಹಸಿಯಾಗಿರುವಾಗ ಅದನ್ನು ಮೇಲಿಟ್ಟು ಎಳೆದರೆ ಸರಿಯಾದ ಬೆನ್ನು ಮೂಡುತ್ತದೆ. ಹಳೆಯ ದಿಂಡನ್ನು ಅಗೆದು ಹೊಸದನ್ನು ಹಾಕಿದ್ದಾರೆ. ಬಣ್ಣ ಬಳಿಯುವುದೊಂದು ಬಾಕಿಯಿದೆ. ಅಚ್ಚು ನಮ್ಮ ಪ್ರಯೋಗಶಾಲೆಯ ಬಾಗಿಲ ಹಿಂದೆ ಒರಗಿ ನಿಂತಿದೆ.