ಗೇಟಿನಾಚೆ ಹೋದ ವಿದ್ಯೆಗೆ ಸಂದ ಗೌರವ

‘ಇವನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂದು ಗೆಳೆಯರನ್ನು ಗೇಲಿ ಮಾಡುವುದು ಬೆಂಗಳೂರಿನ ಹಳೆಯ ಚಾಳಿ. ಜಯನಗರದ ಮಗ್ಗುಲಲ್ಲೇ, ಹೊಸೂರು ರಸ್ತೆಯಲ್ಲಿರುವ ಆ ಸಂಸ್ಥೆಗೆ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಆರೋಗ್ಯ ಸಂವರ್ಧನೆಗಾಗಿ ಕೊಡುವ ನೆಲ್ಸನ್ ಮಂಡೇಲಾ ಪ್ರಶಸ್ತಿ ನೀಡಿತು. ಗೇಲಿ ಮಾತ್ರ ನಿಂತಿಲ್ಲ.

ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆ ಮತ್ತು 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದಾಗಿ ಹುಟ್ಟಿದ್ದು ನಿಮ್ಹಾನ್ಸ್. 1994ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಪ್ರಶಸ್ತಿ ಬಂದಾಗ ಅದಕ್ಕೆ ಐವತ್ತರ ಪ್ರಾಯ.

ಈ ಗೌರವದ ಬೇರು ಹುಡುಕಬೇಕಾದದ್ದು ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ. ಎಪ್ಪತ್ತರ ದಶಕದಲ್ಲಿ ನಿಮ್ಹಾನ್ಸ್‌ನ ಮನೋವೈದ್ಯ ಡಾ. ಆರ್.ಎಲ್. ಕಪೂರ್ ಮತ್ತು ಅವರ ತಂಡದವರು ಅಲ್ಲಿ ಕೇಳಿಕೊಂಡ ಪ್ರಶ್ನೆ ಬಹಳ ಸರಳ: ಮನೋವೈದ್ಯರೇ ಇಲ್ಲದ ಊರಿನಲ್ಲಿ ಮನೋರೋಗಕ್ಕೆ ಚಿಕಿತ್ಸೆ ಕೊಡುವವರು ಯಾರು? ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರೇ ಕೊಡಬಹುದು. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರು ರೋಗಿಯನ್ನು ಗುರುತಿಸಬಹುದು ಎಂದು ಅವರು ಮಾಡಿ ತೋರಿಸಿದರು. ಮೂರ್ಛೆ ಬೀಳುವವರು, ರಾತ್ರಿಯಿಡೀ ನಿದ್ದೆ ಬಾರದವರು, ತಮ್ಮಷ್ಟಕ್ಕೆ ಮಾತಾಡಿಕೊಳ್ಳುವವರು, ‘ಮೈಮೇಲೆ ಬಂದಿದೆ’ ಎಂದು ಮಂತ್ರವಾದಿಯ ಮುಂದೆ ಕೂರಿಸಲ್ಪಟ್ಟವರು ಹೀಗೆ ಔಷಧಿಯ ಹತ್ತಿರಕ್ಕೆ ಬಂದರು. 1985ರಲ್ಲಿ ಈ ಕ್ರಮವನ್ನು ಇಡೀ ಬಳ್ಳಾರಿ ಜಿಲ್ಲೆಗೆ ಹಬ್ಬಿಸಲಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಈ ಬಳ್ಳಾರಿಯೇ. ಹೊಸ ಮಾತ್ರೆಯೊಂದನ್ನು ಕಂಡುಹಿಡಿದದ್ದಕ್ಕಿಂತ ಇದು ಸಣ್ಣ ಸಂಶೋಧನೆ ಎಂದು ನನಗೆ ಅನ್ನಿಸುವುದಿಲ್ಲ.

ಆ ತಂಡದಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರಿಗೂ 2024ರಲ್ಲೇ ಪದ್ಮಶ್ರೀ ಸಂದಿತು. ಖಿನ್ನತೆ, ಪರೀಕ್ಷಾ ಭಯ, ಗಂಡ ಹೆಂಡಿರ ಮನಸ್ತಾಪಗಳ ಬಗ್ಗೆ ಅವರು ಸರಳ ಕನ್ನಡದಲ್ಲಿ ಬರೆದ ಪುಸ್ತಕಗಳಿಗೆ ಲೆಕ್ಕವಿಲ್ಲ. ನಿವೃತ್ತಿಯ ಬಳಿಕ ಬನ್ನೇರುಘಟ್ಟ ರಸ್ತೆಯ ಕಡೆ ‘ಸಮಾಧಾನ’ ಎಂಬ ಉಚಿತ ಆಪ್ತಸಲಹಾ ಕೇಂದ್ರ ತೆರೆದರು. ವಿದ್ವತ್ ಪತ್ರಿಕೆಗಳಲ್ಲಿ ಎಷ್ಟು ಪ್ರಬಂಧ ಬಂತು ಎಂದಷ್ಟೇ ಎಣಿಸುವ ನಮ್ಮ ವಿಶ್ವವಿದ್ಯಾಲಯಗಳು ಇಂಥ ಬರಹವನ್ನು ಯಾವ ಕಾಲಮಿನಲ್ಲಿ ಹಾಕುತ್ತವೋ!

ದೊಡ್ಡ ಆಸ್ಪತ್ರೆಯ ಗೇಟು ಹೊಗಲು ಹಿಂಜರಿಯುವವರಿಗೆಂದೇ ಬಿಟಿಎಂ ಲೇಔಟಿನ ಮನೆಗಳ ನಡುವೆ ನಿಮ್ಹಾನ್ಸ್‌ನ ಕ್ಷೇಮ ಕೇಂದ್ರವಿದೆ. ಮೊಬೈಲ್, ಆನ್‌ಲೈನ್ ಆಟಗಳ ಗೀಳು ಬಿಡಿಸುವ ‘ಶಟ್’ ಕ್ಲಿನಿಕ್ ಶುರುವಾದದ್ದು 2014ರಲ್ಲಿ; ಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರೂ ತಮ್ಮ ಫೋನನ್ನು ಸ್ವಲ್ಪ ಕೆಳಗಿಟ್ಟರೆ ಒಳ್ಳೆಯದು.

ಅಷ್ಟು ದೂರವೂ ಹೋಗಲಾಗದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ. ಅದರ ಮುಖ್ಯ ಕೇಂದ್ರವೂ ನಿಮ್ಹಾನ್ಸ್. ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಮನೆಮಂದಿಗೆಲ್ಲ ತಿಳಿಸಿ.